ಕನ್ನಡ ಬಾರದ ಆತ್ಯಾ

ನಮ್ಮ ಸುಮನ ಆತ್ಯಾಗೆ ಕನ್ನಡ ಬರುತ್ತಿರಲಿಲ್ಲ. ಹರಿಹರದ ನೀರು ಕುಡಿದೇ ಅವರ ತಲೆಗೂದಲು ಬೆಳ್ಳಗಾಗಿತ್ತು, ಸಂತೆಯಲ್ಲಿ ಬದನೆಕಾಯಿ ಮಾರುವವಳ ಜೊತೆ ಅವರು ಅಚ್ಚ ಕನ್ನಡದಲ್ಲಿ ಆಡಿದ ಜಗಳವನ್ನು ನಾನೇ ಕಿವಿಯಾರೆ ಕೇಳಿದ್ದೆ, ಬೆಳಗಿನ ಕನ್ನಡ ಪೇಪರನ್ನು ಮೊದಲ ಪುಟದಿಂದ ಹಿಡಿದು ಒಳಪುಟದ ಶ್ರದ್ಧಾಂಜಲಿ ಜಾಹೀರಾತುಗಳವರೆಗೆ ಬಿಡದೆ ಓದುತ್ತಿದ್ದರು. ಆದರೂ ಬರುತ್ತಿರಲಿಲ್ಲ. ನನ್ನ ಮಗಳು ಗೌರಿ ಹೊಸ್ತಿಲು ದಾಟಿ ಒಳಗೆ ಕಾಲಿಟ್ಟ ಕೂಡಲೇ ಆತ್ಯಾ ಆಡುತ್ತಿದ್ದ ಕನ್ನಡ ವಾಕ್ಯ ಅರ್ಧಕ್ಕೇ ನಿಂತುಹೋಗುತ್ತಿತ್ತು. ಊರಿಗೆ ಹೊಸದಾಗಿ ಬಂದಿಳಿದವರಂತೆ ಮುಖ ಪೆಚ್ಚಗೆ ಮಾಡಿಕೊಂಡು, "ಮಲಾ ಕಾನಡೀ ಯೇತ್ ನಾಹೀ" ಎನ್ನುತ್ತಿದ್ದರು. ನನಗೆ ಕನ್ನಡ ಬರುವುದಿಲ್ಲ ಎಂದು ಅದರ ಅರ್ಥ. ಈ ನಾಟಕವನ್ನು ಅವರು ಒಂದು ದಿನ ಎರಡು ದಿನ ಅಲ್ಲ, ವರ್ಷಗಟ್ಟಲೆ ನಡೆಸಿದರು.

ಆತ್ಯಾ ಎಂದರೆ ಮರಾಠಿಯಲ್ಲಿ ಸೋದರತ್ತೆ. ನನ್ನ ಗಂಡ ಸುಧೀರನ ಅಪ್ಪನ ತಂಗಿ ಅವರು. ಕೊಲ್ಹಾಪುರದ ಕಡೆಯಿಂದ ನಮ್ಮ ಮಾವ ಹರಿಹರದ ಫ್ಯಾಕ್ಟರಿ ಕೆಲಸಕ್ಕೆ ಬಂದಾಗ ಮನೆ ಹೊಂದಿಸಿಕೊಡಲು ಜೊತೆಗೆ ಬಂದವರು ಹಾಗೇ ಉಳಿದುಬಿಟ್ಟರು. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಟೈಮ್ ಸಿಗಲಿಲ್ಲ ನೋಡ್ರಿ" ಎಂದು ಮಾತು ಮುಗಿಸುತ್ತಿದ್ದರು. ಕಡ್ಡಿಯಂಥ ಮೈ, ಕೊರಳಲ್ಲಿ ಸದಾ ಅಳತೆ ಟೇಪು, ತುಟಿಗಳ ನಡುವೆ ಗುಂಡುಪಿನ್ನು. ಓಣಿಯ ಹೆಂಗಸರ ಬ್ಲೌಸುಗಳನ್ನೆಲ್ಲ ಅವರೇ ಹೊಲಿಯುತ್ತಿದ್ದರು. ಪಿನ್ನು ಬಾಯಲ್ಲಿದ್ದಾಗಲೂ ಮಾತಾಡುತ್ತಿದ್ದರು, ಒಂದು ಪಿನ್ನೂ ಕೆಳಗೆ ಬೀಳುತ್ತಿರಲಿಲ್ಲ. ನನ್ನ ಅತ್ತೆ ಮಾವ ಇಬ್ಬರೂ ನಾನು ಆ ಮನೆಗೆ ಸೊಸೆಯಾಗಿ ಹೋಗುವ ಮೊದಲೇ ತೀರಿಕೊಂಡಿದ್ದರು. ಹಾಗಾಗಿ ನನಗೆ ಅತ್ತೆಯೂ ಆತ್ಯಾನೇ, ಮಾವನೂ ಆತ್ಯಾನೇ.

ನಾನು ದಾವಣಗೆರೆಯ ಮಂಡಿಪೇಟೆಯ ಕಾಳಿನ ವ್ಯಾಪಾರಿಯ ಮಗಳು. ಸುಧೀರ ಮತ್ತು ನಾನು ದಾವಣಗೆರೆಯಲ್ಲಿ ಒಂದೇ ಆಫೀಸಿನಲ್ಲಿದ್ದವರು. ಲಿಂಗಾಯತರ ಹುಡುಗಿ, ಮರಾಠಿ ಮನೆಯ ಹುಡುಗ ಎಂದು ಒಂದಷ್ಟು ದಿನ ನಮ್ಮಪ್ಪ ಮುಖ ಊದಿಸಿಕೊಂಡಿದ್ದರು. ಆಮೇಲೆ ಹುಡುಗನ ಜೊತೆ ಒಂದು ಮಧ್ಯಾಹ್ನ ಮಾತಾಡಿ ಬಂದು, "ಹುಡುಗ ನಮಗಿಂತ ಚಲೋ ಕನ್ನಡ ಮಾತಾಡ್ತಾನಲ್ಲೇ" ಎಂದು ನಮ್ಮವ್ವನಿಗೆ ಹೇಳಿ ಒಪ್ಪಿಕೊಂಡರು. ಅವರಿಗೆ ಸಮಾಧಾನ ತಂದ ಆ ಮಾತೇ ಆತ್ಯಾ ಎದೆಯೊಳಗಿನ ಮುಳ್ಳು ಎಂದು ನನಗೆ ಗೊತ್ತಾಗಿದ್ದು ಮದುವೆಯಾದ ಮೇಲೆ.

ಸುಧೀರನಿಗೆ ಮರಾಠಿ ಪೂರ್ತಿ ಅರ್ಥವಾಗುತ್ತಿತ್ತು. ಆದರೆ ಒಂದೇ ಒಂದು ಮಾತನ್ನೂ ಆಡುತ್ತಿರಲಿಲ್ಲ. ಚಿಕ್ಕವನಿದ್ದಾಗ ಶಾಲೆಯ ಬಾಗಿಲಲ್ಲಿ ಅವನಮ್ಮ ಮರಾಠಿಯಲ್ಲಿ ಕೂಗಿ ಕರೆದರಂತೆ, ಹುಡುಗರು ವಾರವಿಡೀ ಅದನ್ನೇ ಅಣಕಿಸಿದರಂತೆ. ಅವತ್ತಿನಿಂದ ಮನೆಯಲ್ಲಿ ಯಾರು ಮರಾಠಿಯಲ್ಲಿ ಏನು ಕೇಳಿದರೂ ಅವನ ಉತ್ತರ ಕನ್ನಡದಲ್ಲೇ. ಮೊದಮೊದಲು ಬೈದರು, ಆಮೇಲೆ ಬೇಡಿಕೊಂಡರು, ಆಮೇಲೆ ಸುಮ್ಮನಾದರು. ಅವನಮ್ಮ ಹಾಸಿಗೆ ಹಿಡಿದಾಗಲೂ ಅವರು ಮರಾಠಿಯಲ್ಲಿ, ಇವನು ಕನ್ನಡದಲ್ಲಿ. ಹೊಟ್ಟೆಯಲ್ಲಿ ಗೌರಿ ಇದ್ದಾಗ ಒಂದು ಮಧ್ಯಾಹ್ನ ಆತ್ಯಾ ಇದನ್ನೆಲ್ಲ ನನಗೆ ಹೇಳಿದರು, ಕಾಲಿನಿಂದ ಮಿಷನ್ ತುಳಿಯುತ್ತಲೇ.

"ಹುಡುಗನ ತಪ್ಪಲ್ಲವ್ವ. ನಮ್ದು ತಪ್ಪು. ಆತ ಕನ್ನಡದಾಗ ಕೇಳ್ದ, ನಾವು ಕೊಟ್ವಿ. ನೀರು ಕೇಳಿದ್ರೂ ಕೊಟ್ವಿ, ಅನ್ನ ಕೇಳಿದ್ರೂ ಕೊಟ್ವಿ. ನಮಗೆ ಕನ್ನಡ ಬರ್ತೈತೆ ಅಂತ ಅವನಿಗೆ ಗೊತ್ತಿತ್ತಲ್ಲ, ಇನ್ಯಾಕ ಮರಾಠಿ ಮಾತಾಡ್ತಾನ?" ಮಿಷನ್ ನಿಲ್ಲಿಸಿ ನನ್ನ ಕಡೆ ನೋಡಿದರು. "ಈಗ ಈ ಮನ್ಯಾಗ ನಾನೊಬ್ಬಾಕಿ. ನಾ ಹೋದ ದಿನ ನಮ್ಮವ್ವನ ಮಾತೂ ಈ ಮನಿ ಬಿಟ್ಟು ಹೋಗ್ತೈತೆ. ಅದೊಂದೇ ನನಗೆ ಸಂಕಟ."

ಹೀಗೆ ಹೇಳಿದವರು ಸುಮ್ಮನೆ ಕೂರುತ್ತಾರೆಯೇ? ಗೌರಿಯ ನಾಮಕರಣದ ದಿನ ಎಲ್ಲರೂ ಊಟಕ್ಕೆ ಕೂತಿದ್ದಾಗ ಆತ್ಯಾ ತುಪ್ಪದ ಬಟ್ಟಲು ಹಿಡಿದುಕೊಂಡು ಪಂಕ್ತಿಯ ನಡುವೆ ನಿಂತು ಘೋಷಿಸಿದರು: "ಎಲ್ರೂ ಕೇಳ್ರಿ. ಇವತ್ತಿಂದ ಈ ಕೂಸಿನ ಮುಂದ ನನಗೆ ಕನ್ನಡ ಬರಂಗಿಲ್ಲ. ಯಾರೂ ನನ್ನ ಜೊತಿ ಕನ್ನಡ ಮಾತಾಡಬ್ಯಾಡ್ರಿ, ಮಾತಾಡಿದ್ರ ನನಗೆ ತಿಳಿಯಂಗಿಲ್ಲ."

ನಮ್ಮವ್ವ ಕೈಯಲ್ಲಿದ್ದ ಹೋಳಿಗೆ ತುಂಡನ್ನು ಎಲೆಯಲ್ಲೇ ಬಿಟ್ಟು ನನ್ನ ಕಿವಿಯ ಹತ್ತಿರ ಬಂದಳು. "ನಿಮ್ಮ ಆತ್ಯಾಗೆ ಏನಾತೇ? ತಲೆಗೆ ಬಿಸಿಲು ಹತ್ತೈತೇನು?"

ನಾನೂ ನಾಲ್ಕು ದಿನದ ಆಟ ಎಂದುಕೊಂಡೆ. ನಾಲ್ಕು ದಿನ ಕಳೆಯಿತು, ನಾಲ್ಕು ತಿಂಗಳು ಕಳೆಯಿತು. ತೊಟ್ಟಿಲಲ್ಲಿ ಕೂಸು ಎಚ್ಚರವಿದ್ದರೆ ಆತ್ಯಾ ನನ್ನ ಜೊತೆಗೂ ಮರಾಠಿಯೇ. ಉಪ್ಪಿನ ಡಬ್ಬಿ ಎಲ್ಲಿ, ಗ್ಯಾಸ್ ಬಂದ್ ಮಾಡು, ಹಾಲು ಉಕ್ಕುತ್ತಿದೆ, ಎಲ್ಲ ಮರಾಠಿಯಲ್ಲಿ. ಹಾಲು ಎರಡು ಸಲ ಉಕ್ಕಿ ಒಲೆಯ ಮೇಲೆ ಹರಿದ ನಂತರ ನನಗೂ ಅಡುಗೆಮನೆಯಷ್ಟು ಮರಾಠಿ ತಾನಾಗಿ ಬಂತು. ಬ್ಲೌಸು ಹೊಲಿಸಲು ಬರುವವರ ಪಾಡು ಇನ್ನೂ ಕಷ್ಟದ್ದು. ಹಿಂದಿನ ಮನೆಯ ಶಾಂತಕ್ಕ ಬಾಗಿಲಲ್ಲೇ ಜಗಳ ತೆಗೆದಳು: "ಅಲ್ರೀ, ಹೋದ ವಾರ ನನ್ನ ಸೊಸಿ ಸುದ್ದಿ ಬಾಯಿ ತುಂಬ ಕನ್ನಡದಾಗ ಕೇಳಿಸ್ಕೊಂಡ್ರಲ್ಲ, ಈಗ ಬರಂಗಿಲ್ಲ ಅಂದ್ರ ಹೆಂಗೆ?" ಆತ್ಯಾ ಬಾಯಲ್ಲಿ ಪಿನ್ನು ಇಟ್ಟುಕೊಂಡು ತೊಟ್ಟಿಲ ಕಡೆ ಕಣ್ಣು ತೋರಿಸಿ, ಟೇಪು ಬಿಚ್ಚಿ, ಕೈಸನ್ನೆಯಲ್ಲೇ ಅಳತೆ ತೆಗೆದುಕೊಂಡರು. ಹೋಗಲಿ ಎಂದು ಶಾಂತಕ್ಕನೂ ಒಪ್ಪಿಕೊಂಡಳು, ಯಾಕೆಂದರೆ ಆತ್ಯಾ ಹೊಲಿದಂತೆ ತೋಳು ಕೂರಿಸುವವರು ಹರಿಹರದಲ್ಲಿ ಬೇರೆ ಇರಲಿಲ್ಲ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಗೌರಿಗೆ ಎರಡು ತುಂಬಿದಾಗ. ಓಣಿಯ ಅದೇ ವಯಸ್ಸಿನ ಮಕ್ಕಳು ಪಟಪಟ ಮಾತಾಡುತ್ತಿದ್ದರು, ನಮ್ಮದು ಎಲ್ಲವನ್ನೂ ಬೆರಳಲ್ಲೇ ತೋರಿಸುತ್ತಿತ್ತು. ಮನೆಯಲ್ಲಿ ಎರಡು ಭಾಷೆ, ಹೊರಗೆ ಪಕ್ಕದ ಮನೆಯ ಮಕ್ಕಳ ಉರ್ದು, ಟೀವಿಯಲ್ಲಿ ಇನ್ನೊಂದು. ದಾವಣಗೆರೆಗೆ ಹೋದಾಗಲೆಲ್ಲ ನಮ್ಮವ್ವ ಬಜೆ ಬೇರನ್ನು ಜೇನುತುಪ್ಪದಲ್ಲಿ ತೇಯ್ದು ಮಗುವಿನ ನಾಲಿಗೆಗೆ ಸವರಿ, "ಒಂದು ಕೂಸಿನ ತಲಿಯಾಗ ಎಷ್ಟು ಅಂತ ತುಂಬ್ತೀರೇ? ಕೂಸು ಮೂಗಿ ಆದ್ರ ಯಾರು ಹೊಣೆ?" ಎಂದು ನನ್ನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ಒಂದು ದಿನ ತವರಿನಿಂದ ಬಂದವಳೇ ನಾನು ಆತ್ಯಾ ಮೇಲೆ ಹರಿಹಾಯ್ದೆ. ಸಾಕು ಮಾಡಿ ಈ ನಾಟಕ, ನನ್ನ ಮಗು ಮೊದಲು ಒಂದು ಭಾಷೆಯಲ್ಲಿ ಅಮ್ಮಾ ಅನ್ನಲಿ ಎಂದೆ.

ಮಗು ನಿದ್ದೆ ಮಾಡುತ್ತಿತ್ತು. ಆದ್ದರಿಂದ ಆತ್ಯಾಗೆ ಕನ್ನಡ ಬರುತ್ತಿತ್ತು.

"ಕೂಡು ಮೊದ್ಲು," ಎಂದರು. ನೀರು ಕೊಟ್ಟರು. "ನಾ ಹೇಳಿದ್ದು ಆಕಿಗೆ ತಿಳೀತೈತೋ ಇಲ್ಲೋ? ಚಪ್ಪಲಿ ತಗೊಂಬಾ ಅಂದ್ರ ತರ್ತಾಳ. ನೀ ಕನ್ನಡದಾಗ ಹೇಳಿದ್ರೂ ತರ್ತಾಳ. ಕಿವಿ ಐತೆ, ಬುದ್ಧಿ ಐತೆ. ಈಗ ತುಂಬ್ಕೊಳ್ಳಾಕತ್ತಾಳ. ಬಾಯಿ ಬಿಟ್ಟ ಮ್ಯಾಲೆ ಸಾಕು ಮಾಡವ್ವ ಅಂತ ನೀನೇ ಕೈ ಮುಗೀತಿ, ನೋಡ್ತಿರು." ಇಷ್ಟು ಹೇಳಿ ಆಮೇಲೆ ದನಿ ತಗ್ಗಿಸಿ, "ನೀ ಬ್ಯಾಡ ಅಂದ್ರ ಬಿಡ್ತೀನಿ. ಕೂಸು ನಿಂದು" ಎಂದರು. ಆ ಕೊನೆಯ ಮಾತು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ನನಗೆ ಬೇಡ ಎನ್ನಲು ಬಾಯಿ ಬರಲಿಲ್ಲ.

ಗೌರಿ ಮಾತು ಶುರು ಮಾಡಿದ್ದು ಅದೇ ವರ್ಷ ಮಾವಿನಹಣ್ಣಿನ ಕಾಲಕ್ಕೆ. ಆತ್ಯಾ ತುತ್ತು ಹಿಡಿದು ಹಿಂದೆ ಹೋದಾಗ "ನಕೋ" ಎಂದಳು, ಬೇಡ ಎಂದು. ನಾನು ಅದೇ ತಟ್ಟೆ ಹಿಡಿದು ಹೋದಾಗ "ಬ್ಯಾಡ" ಎಂದಳು. ಇಬ್ಬರಿಗೂ ಬೇಡ ಎಂದೇ ಹೇಳಿದಳು, ಆದರೂ ಆತ್ಯಾ ತಟ್ಟೆ ಕೆಳಗಿಟ್ಟು ನನ್ನನ್ನು ಅಪ್ಪಿಕೊಂಡರು. ಅದಾದ ಮೇಲೆ ಕೈ ಮುಗಿಯುವ ದಿನವೂ ಬಂತು. ಹುಡುಗಿ ಎದ್ದಾಗಿನಿಂದ ಮಲಗುವವರೆಗೆ ಬಾಯಿ ಮುಚ್ಚುತ್ತಿರಲಿಲ್ಲ.

ಯಾರಿಗೆ ಯಾವ ಭಾಷೆ ಎಂಬುದನ್ನು ಅವಳೇ ಹಂಚಿಟ್ಟುಕೊಂಡಿದ್ದಳು. ನನಗೆ, ಅವಳಪ್ಪನಿಗೆ, ದಾವಣಗೆರೆ ಅಜ್ಜಿಗೆ ಕನ್ನಡ. ಪಕ್ಕದ ಮನೆಯ ಮಕ್ಕಳಿಗೆ ಉರ್ದು. ಆತ್ಯಾಗೆ ಮರಾಠಿ, ಆತ್ಯಾ ಹಾಲು ಹಾಕುವ ಬೆಕ್ಕಿಗೂ ಮರಾಠಿ. ದಾವಣಗೆರೆಯ ದೇವರಿಗೆ ಕನ್ನಡದಲ್ಲಿ ಕೈ ಮುಗಿದರೆ ಹರಿಹರದ ಮನೆಯ ದೇವರಿಗೆ ಮರಾಠಿಯಲ್ಲಿ. ಶಾಲೆಗೆ ಸೇರಿದ ಮೇಲೆ ಇಂಗ್ಲಿಷ್ ಬಂತು, ಅದನ್ನು ಗೊಂಬೆಗಳಿಗೆ ಕೊಟ್ಟಳು, ಯಾಕೆಂದರೆ ಗೊಂಬೆಗಳು ವಿದ್ಯಾರ್ಥಿಗಳು. ಮನೆಯಲ್ಲಿ ಇಂಗ್ಲಿಷೇ ಮಾತಾಡಿ ಎಂದು ಮಿಸ್ಸು ಹೇಳಿ ಕಳಿಸಿದಾಗ ಗೌರಿ ಗಾಬರಿಯಾಗಿ, "ನಮ್ಮ ಮನ್ಯಾಗ ಇಂಗ್ಲಿಷಿನವರು ಯಾರೂ ಇಲ್ಲ ಮಿಸ್" ಎಂದು ಬಂದಿದ್ದಳಂತೆ.

ಈ ಹಂಚಿಕೆಯಲ್ಲಿ ಆತ್ಯಾ ಪಾಪದ ಹೆಂಗಸು. ಇಡೀ ಊರೇ ಕನ್ನಡ ಮಾತಾಡುವಾಗ ಇವರೊಬ್ಬರಿಗೆ ಬಾರದು. ಹಾಗಾಗಿ ನಾಲ್ಕನೇ ವಯಸ್ಸಿಗೇ ಗೌರಿ ಅವರ ಜವಾಬ್ದಾರಿ ಹೊತ್ತುಕೊಂಡಳು. ಸೊಪ್ಪಿನ ಗಾಡಿ ಬಂದರೆ ಇವಳು ಮುಂದೆ, ಆತ್ಯಾ ಹಿಂದೆ. ಬ್ಲೌಸು ಹೊಲಿಸುವವರು ಬಂದರೆ ಮಿಷನ್ ಪಕ್ಕದ ಮಣೆಯ ಮೇಲೆ ಗಂಭೀರವಾಗಿ ಬಂದು ಕೂರುತ್ತಿದ್ದಳು. ಒಮ್ಮೆ ಶಾಂತಕ್ಕ ಕುತ್ತಿಗೆ ಇನ್ನೂ ಆಳ ಬೇಕು ಎಂದಳು. ಗೌರಿ ಅದನ್ನು ಆತ್ಯಾಗೆ ಮುಟ್ಟಿಸಿ, ಆತ್ಯಾ ಹೇಳಿದ್ದನ್ನು ಕೇಳಿಕೊಂಡು ಈ ಕಡೆ ತಿರುಗಿದಳು.

"ಜಾಸ್ತಿ ಇಳಿಸಿದ್ರ ಭುಜ ಜಾರ್ತೈತಂತೆ. ನಿಮ್ಮ ವಯಸ್ಸಿಗೆ ಬ್ಯಾಡಂತೆ."

"ವಯಸ್ಸಿಂದು ಆಕಿ ಹೇಳಿದ್ಲೋ, ನೀನೇ ಸೇರಿಸಿದ್ಯೋ?" ಎಂದು ಶಾಂತಕ್ಕ ಕೇಳಿದಳು. ಆತ್ಯಾ ತಲೆ ತಗ್ಗಿಸಿ ಬಟ್ಟೆ ಕತ್ತರಿಸುತ್ತಿದ್ದರು, ಅವರ ಭುಜ ಕುಲುಕುತ್ತಿತ್ತು.

ಶಾಲೆಯ ಆಟೋ ಓಣಿಯ ತಿರುವು ದಾಟಿದ್ದೇ ತಡ, ಆತ್ಯಾ ಕಟ್ಟಿಟ್ಟ ಕನ್ನಡವೆಲ್ಲ ಕಾಂಪೌಂಡಿನ ಮೇಲಿಂದ ಹರಿಯುತ್ತಿತ್ತು. "ಶಾಂತಕ್ಕಾ, ಏ ಶಾಂತಕ್ಕಾ, ಬಾರೇ ಇಲ್ಲಿ, ಬೆಳಗಿಂದ ಬಾಯಿ ಕಟ್ಕೊಂಡು ಸಾಕಾಗೇತಿ!" ಮಧ್ಯಾಹ್ನ ಆಟೋ ಹಾರನ್ ಕೇಳುವವರೆಗೆ ಇಬ್ಬರೂ ಓಣಿಯ ಸುದ್ದಿಯೆಲ್ಲ ಮುಗಿಸುತ್ತಿದ್ದರು.

ಇಷ್ಟು ಜೋಪಾನ ಮಾಡಿದ್ದು ಒಂದು ಸಂಜೆ ಒಂದೇ ಕ್ಷಣದಲ್ಲಿ ಬಯಲಾಯಿತು. ಗೌರಿ ಒಂದನೇ ತರಗತಿಯಲ್ಲಿದ್ದಳು. ನಾನು, ಅವಳು, ಆತ್ಯಾ ಮೂವರೂ ಪೇಟೆಗೆ ಹೋಗಿದ್ದೆವು. ಮಲೆಬೆನ್ನೂರು ಕಡೆಯಿಂದ ಭತ್ತದ ಚೀಲ ಹೇರಿಕೊಂಡು ಬಂದಿದ್ದ ಟ್ರ್ಯಾಕ್ಟರೊಂದು ರಸ್ತೆ ಬದಿಯಲ್ಲಿ ನಿಂತಿತ್ತು. ಗೌರಿಯ ಚಪ್ಪಲಿ ಜಾರಿ ಟ್ರೇಲರಿನ ಹಿಂದೆ ಬಿತ್ತು, ನಾನು ಅಂಗಡಿಯವನ ಜೊತೆ ಮಾತಾಡುತ್ತಿದ್ದಾಗ ಇವಳು ಅದನ್ನು ತರಲು ಬಗ್ಗಿದ್ದಾಳೆ. ಟ್ರ್ಯಾಕ್ಟರು ಹಿಂದಕ್ಕೆ ಬರತೊಡಗಿತು.

"ಏ, ನಿಲ್ಸಲೇ ಗಾಡಿ! ಕೂಸೈತೆ ಹಿಂದ! ನಿಲ್ಸೋ ನಿನ್ನ ಬಾಯಾಗ ಮಣ್ಣು ಹಾಕ!"

ಆ ಕೂಗಿಗೆ ಟ್ರ್ಯಾಕ್ಟರಷ್ಟೇ ಅಲ್ಲ, ಇಡೀ ಪೇಟೆಯೇ ನಿಂತಿತು. ಆತ್ಯಾ ಹೋಗಿ ಗೌರಿಯನ್ನು ಎಳೆದು ಸೊಂಟಕ್ಕೆ ಒತ್ತಿಕೊಂಡು, ಆ ಡ್ರೈವರನ ಹಿಂದು ಮುಂದು, ಅವನಿಗೆ ಲೈಸೆನ್ಸು ಕೊಟ್ಟವನ ಹಿಂದು ಮುಂದು ಎಲ್ಲವನ್ನೂ ಕನ್ನಡದಲ್ಲಿ ಜಾಲಾಡಿದರು. ಒಂದು ಪದಕ್ಕೂ ತಡವರಿಸಲಿಲ್ಲ. ಉಸಿರು ತೆಗೆದುಕೊಳ್ಳಲು ನಿಂತಾಗ ಕೆಳಗೆ ನೋಡಿದರು. ಗೌರಿ ಬಾಯಿ ತೆರೆದುಕೊಂಡು ಅವರನ್ನೇ ನೋಡುತ್ತಿದ್ದಳು.

ಮನೆಯವರೆಗೆ ಯಾರೂ ಯಾವ ಭಾಷೆಯಲ್ಲೂ ಮಾತಾಡಲಿಲ್ಲ. ಆತ್ಯಾ ಮಿಷನ್ ಮುಂದೆ ಕೂತರು, ತುಳಿಯಲಿಲ್ಲ. ಗೌರಿ ಆಡಲು ಹೋದ ಮೇಲೆ ನನ್ನನ್ನು ಕರೆದು, "ಮುಗೀತು ನೋಡು. ನಾಳೆಯಿಂದ ಆಕಿನೂ ಅವರಪ್ಪನಂಗೆ" ಎಂದರು. ಕೂಸು ಬದುಕಿದ್ದಕ್ಕೆ ಸಂತೋಷಪಡಬೇಕಾದ ಸಂಜೆ ಅದು. ಅವರು ಸಂತೋಷಪಟ್ಟಿದ್ದರು ಕೂಡ. ಆದರೂ ಕಣ್ಣು ಒರೆಸಿಕೊಂಡರು.

ಮರುದಿನ ಬೆಳಿಗ್ಗೆ ಗೌರಿ ಎದ್ದು ಬಂದು ಎಂದಿನಂತೆ ಮರಾಠಿಯಲ್ಲೇ ಹಾಲು ಕೇಳಿದಳು. ಸೊಪ್ಪಿನ ಗಾಡಿ ಬಂದಾಗ ಎಂದಿನಂತೆ ಮುಂದೆ ನಡೆದಳು. ನನಗೆ ತಡೆಯಲಾಗಲಿಲ್ಲ. ಅವತ್ತು ಆಟೋ ಬೇಡವೆಂದು ನಾನೇ ಶಾಲೆಗೆ ಬಿಡಲು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗುವಾಗ ಕೇಳಿಯೇ ಬಿಟ್ಟೆ: "ಆತ್ಯಾಗೆ ಕನ್ನಡ ಬರ್ತೈತಲ್ಲೇ, ನಿನ್ನೆ ಕೇಳಿದ್ಯಲ್ಲ?"

"ಬೈಯಾಕೆ ಮಾತ್ರ ಬರ್ತೈತೆ ಅಮ್ಮಾ," ಎಂದಳು ಗೌರಿ, ತಿಳಿಯದವರಿಗೆ ತಿಳಿಸುವ ದನಿಯಲ್ಲಿ. "ಮಾತಾಡಾಕೆ ಬರಲ್ಲ."

ಇದನ್ನು ಆತ್ಯಾಗೆ ಹೇಳಿದಾಗ ಅವರು ನಕ್ಕ ನಗುವಿಗೆ ಶಾಂತಕ್ಕ ಏನಾಯಿತೆಂದು ಕಾಂಪೌಂಡಿಗೆ ಓಡಿ ಬಂದಳು. ಅಂದಿನಿಂದ ಅವರಿಗೊಂದು ಹೊಸ ರಿಯಾಯಿತಿ ಸಿಕ್ಕಂತಾಯಿತು. ಬೈಗುಳಕ್ಕೆ ಕನ್ನಡ ನಡೆಯುತ್ತದೆ ಎಂದಾದ ಮೇಲೆ ಹಾಲಿನವನನ್ನು, ಕರೆಂಟಿನವರನ್ನು, ನೀರು ಬಿಡದ ನಗರಸಭೆಯನ್ನು ಗೌರಿಯ ಎದುರೇ ಬಾಯಿ ತುಂಬ ಬೈಯುತ್ತಿದ್ದರು. ಕೆಲವೊಮ್ಮೆ ಬೈಯುವ ನೆಪದಲ್ಲಿ ಕುಶಲವನ್ನೂ ಕೇಳಿಬಿಡುತ್ತಿದ್ದರು ಎಂದು ನನ್ನ ಅನುಮಾನ. ಗೌರಿ ದೊಡ್ಡವಳಾದಂತೆ ಅವಳಿಗೆ ಎಲ್ಲ ತಿಳಿದೇ ಇದ್ದಿರಬೇಕು. ಎಂಟೊಂಬತ್ತು ವರ್ಷದ ಹುಡುಗಿಗೆ ಇಷ್ಟು ತಿಳಿಯುವುದಿಲ್ಲವೇ? ಆದರೆ ಅಷ್ಟು ಹೊತ್ತಿಗೆ ಅವರಿಬ್ಬರ ನಡುವೆ ಬೇರೆ ಭಾಷೆಗೆ ಜಾಗವೇ ಉಳಿದಿರಲಿಲ್ಲ.

ಸುಧೀರ ಇದನ್ನೆಲ್ಲ ಪೇಪರಿನ ಹಿಂದಿನಿಂದ ನೋಡುತ್ತಿದ್ದ. ಅಪ್ಪನಿಗೆ ಮರಾಠಿ ಬರುವುದಿಲ್ಲ ಎಂದೇ ಗೌರಿ ನಂಬಿದ್ದಳು, ಆತ್ಯಾ ಏನಾದರೂ ಹೇಳಿದರೆ ಅವನಿಗೂ ಕನ್ನಡದಲ್ಲಿ ತಿಳಿಸುತ್ತಿದ್ದಳು. ಅವನು ಅರ್ಥವಾಗದವನಂತೆ ಕೇಳಿಕೊಂಡು "ಹೌದಾ?" ಎನ್ನುತ್ತಿದ್ದ. ನಿಮಗೂ ಬರುತ್ತದೆ ಎಂದು ಮಗಳಿಗೆ ಹೇಳಬಾರದೇನ್ರೀ ಎಂದು ನಾನು ಕೇಳಿದರೆ, "ಬಾಯಿ ತಿರುಗಲ್ಲ ಈಗ. ಇಷ್ಟು ವರ್ಷ ಆದ ಮ್ಯಾಲೆ ನಾಚಿಕೆ" ಎನ್ನುತ್ತಿದ್ದ.

ಹೋದ ವರ್ಷ ಬೇಸಿಗೆಯಲ್ಲಿ ಆತ್ಯಾಗೆ ಲಕ್ವ ಹೊಡೆಯಿತು. ಮಿಷನ್ ಮುಂದೆ ಕೂತಿದ್ದವರು ಹಾಗೇ ಪಕ್ಕಕ್ಕೆ ವಾಲಿದರು. ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದೆವು. ಎರಡನೇ ದಿನ ಕಣ್ಣು ಬಿಟ್ಟಾಗ ನರ್ಸು ಬಂದು, "ಏನಜ್ಜಿ, ಹೆಂಗದೀರಿ?" ಎಂದು ಕೇಳಿದಳು. ಆತ್ಯಾ ಅವಳನ್ನು ನೋಡಿದರು, ಏನೂ ಹೇಳಲಿಲ್ಲ. ಡಾಕ್ಟರು ಕೈ ಎತ್ತಲು ಹೇಳಿದರು, ಎತ್ತಲಿಲ್ಲ. ಸುಧೀರ ಹಾಸಿಗೆಯ ಹತ್ತಿರ ಬಗ್ಗಿ, "ಆತ್ಯಾ, ಗೌರಿ ಇಲ್ಲಿಲ್ಲ. ಕನ್ನಡದಾಗ ಮಾತಾಡು, ಪರವಾಗಿಲ್ಲ" ಎಂದ. ಅವರು ಅವನ ಬಾಯನ್ನೇ ನೋಡುತ್ತಿದ್ದರು. ಅವರ ಕಣ್ಣಲ್ಲಿದ್ದದ್ದು ಭಯ. ಇಷ್ಟು ವರ್ಷ ನಾನು ನೋಡಿದ್ದ ಆ ಪೆಚ್ಚು ಮುಖದ ನಟನೆ ಇದಲ್ಲ ಎಂದು ನನಗೆ ಆ ಕ್ಷಣವೇ ತಿಳಿಯಿತು. ಆಮೇಲೆ ತೊದಲುತ್ತಾ ಮರಾಠಿಯಲ್ಲಿ ಕೇಳಿದರು, ಇವರೆಲ್ಲ ಏನು ಹೇಳುತ್ತಿದ್ದಾರೆ ಎಂದು.

ಲಕ್ವದಲ್ಲಿ ಕೆಲವರಿಗೆ ಹೀಗೂ ಆಗುತ್ತದೆ, ಒಂದು ಭಾಷೆ ಹೋಗಿ ಇನ್ನೊಂದು ಉಳಿಯುತ್ತದೆ ಎಂದು ಡಾಕ್ಟರು ಹೇಳಿದರು. ಅವರ ಜೊತೆ ಅವರ ಭಾಷೆಯಲ್ಲೇ ಮಾತಾಡುತ್ತಿರಿ, ಗಾಬರಿ ಕಡಿಮೆಯಾಗಲಿ ಎಂದರು. ಹೇಳುವುದು ಸುಲಭ. ನನ್ನ ಅಡುಗೆಮನೆಯ ಮರಾಠಿಯಲ್ಲಿ ಉಪ್ಪು ಎಣ್ಣೆ ಇತ್ತೇ ಹೊರತು, ಹೆದರಿದವರಿಗೆ ಹೇಳುವ ಮಾತು ಇರಲಿಲ್ಲ. ಆ ಮಾತೆಲ್ಲ ಬರುತ್ತಿದ್ದವಳು ಗೌರಿ ಒಬ್ಬಳೇ. ಅವಳನ್ನು ಒಳಗೆ ಬಿಡಲಿಲ್ಲ. ಚಿಕ್ಕ ಮಕ್ಕಳಿಗೆ ಆ ವಾರ್ಡಿನಲ್ಲಿ ಪ್ರವೇಶವಿಲ್ಲ, ರೋಗಿಯ ಹತ್ತಿರ ಒಬ್ಬರೇ ಇರಬೇಕು ಎಂದು ಗೇಟಿನ ಕಾವಲಿನವನು ಖಡಾಖಂಡಿತ ಹೇಳಿದ.

ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಾನೂ ಗೌರಿಯೂ ನಿಂತಿದ್ದೆವು. ಸುಧೀರ ಇಳಿದು ಬಂದ. ಮುಖ ಬಾಡಿತ್ತು. "ನಾನು ಏನು ಹೇಳಿದ್ರೂ ಅಳ್ತಾರೆ" ಎಂದ. ಗೌರಿ ಅವನ ಅಂಗಿ ಹಿಡಿದು ಎಳೆದಳು.

"ಅಪ್ಪಾ, ನಾ ಹೇಳ್ಕೊಡ್ತೀನಿ. ನೀವು ಹೋಗಿ ಅದನ್ನೇ ಹೇಳ್ರಿ. ಗೌರೀ ಖಾಲೀ ಆಹೇ. ಘಾಬರೂ ನಕೋಸ್." ಗೌರಿ ಕೆಳಗಿದ್ದಾಳೆ, ಹೆದರಬೇಡ ಎಂದು.

ನನಗೂ ಮರಾಠಿ ಬರುತ್ತದೆ ಎಂದು ಸುಧೀರ ಹೇಳಬಹುದಿತ್ತು. ಹೇಳಲಿಲ್ಲ. ನಡುವಯಸ್ಸಿನ ಆ ಗಂಡಸು, ತಲೆಯಲ್ಲಿ ಬಿಳಿಕೂದಲು ಇಣುಕುತ್ತಿದ್ದವನು, ಆಸ್ಪತ್ರೆಯ ಗೇಟಿನಲ್ಲಿ ಮಗಳ ಮುಂದೆ ಬಗ್ಗಿ ನಿಂತು ಒಂದೊಂದೇ ಪದವನ್ನು ಅವಳ ಹಿಂದೆ ಹೇಳಿದ. ನಾಲಿಗೆ ತೊಡರಿತು. ಅವಳು ತಿದ್ದಿದಳು. ಮತ್ತೆ ಹೇಳಿದ. ಅದನ್ನೇ ಬಾಯಲ್ಲಿ ಗುನುಗಿಕೊಳ್ಳುತ್ತಾ ಮೆಟ್ಟಿಲು ಹತ್ತಿ ಹೋದ. ಸ್ವಲ್ಪ ಹೊತ್ತಿಗೆ ಓಡುತ್ತಲೇ ಇಳಿದು ಬಂದ.

"ಕೇಳಿಸ್ಕೊಂಡ್ರು! ನನ್ನ ಕೈ ಹಿಡ್ಕೊಂಡ್ರು! ನಿನ್ನ ಬಿಸಿಲಾಗ ನಿಲ್ಲಿಸಬ್ಯಾಡ ಅಂತ ನನ್ನ ಬೈದ್ರು!"

"ಹೂಂ, ಈಗ ಹೇಳ್ರಿ, ನೆರಳಾಗ ಅದಾಳ ಅಂತ," ಎಂದು ಗೌರಿ, ಆ ಬೈಗುಳ ಅಪ್ಪನಿಗೆ ಹೇಗೆ ತಿಳಿಯಿತು ಎಂದು ಕೇಳದೆಯೇ, ಮುಂದಿನ ಪಾಠ ಶುರು ಮಾಡಿದಳು.

ಆ ವಾರವೆಲ್ಲ ಹೀಗೇ ನಡೆಯಿತು. ಬೆಳಿಗ್ಗೆ ಸಂಜೆ ಗೇಟಿನ ಹತ್ತಿರ ಮಗಳು ಹೇಳಿಕೊಡುವುದು, ಅಪ್ಪ ಹೊತ್ತುಕೊಂಡು ಹೋಗುವುದು, ಅಲ್ಲಿಂದ ಉತ್ತರ ತರುವುದು. ಬೆಕ್ಕು ಹಾಲು ಕುಡಿಯಿತು, ಶಾಂತಕ್ಕ ಕೇಳಿದಳು, ಪರೀಕ್ಷೆಯಲ್ಲಿ ಲೆಕ್ಕ ತಪ್ಪಾಯಿತು. ಮೊದಮೊದಲು ಪದ ಎಣಿಸಿಕೊಂಡು ಹೋಗುತ್ತಿದ್ದವನು ಆಮೇಲೆ ಮೇಲೆ ಹೆಚ್ಚು ಹೊತ್ತು ಉಳಿಯತೊಡಗಿದ. ಗೌರಿ ಹೇಳಿಕೊಟ್ಟದ್ದಕ್ಕಿಂತ ಹೆಚ್ಚು ಅಲ್ಲಿ ಏನೋ ನಡೆಯುತ್ತಿದೆ ಎಂದು ನನಗೆ ಅನ್ನಿಸುತ್ತಿತ್ತು. ನರ್ಸು ಒಮ್ಮೆ ಕೆಳಗೆ ಸಿಕ್ಕಾಗ, "ನಿಮ್ಮ ಯಜಮಾನ್ರು ಅಜ್ಜಿ ಜೊತಿ ಎಷ್ಟು ಮಾತಾಡ್ತಾರ್ರೀ, ಅಜ್ಜಿ ನಿನ್ನೆ ನಕ್ಕರು" ಎಂದಳು. ನಾನು ಸುಧೀರನನ್ನು ಕೇಳಲಿಲ್ಲ. ಅದು ಅವರಿಬ್ಬರ ಹಳೆಯ ಬಾಕಿ ಮಾತು, ನಡುವೆ ನಾನು ಯಾಕೆ?

ಶನಿವಾರ ಬೆಳಿಗ್ಗೆ ಗೌರಿ ಹೊಸ ವಾಕ್ಯವನ್ನು ಸಿದ್ಧಮಾಡಿಕೊಂಡು ಗೇಟಿನಲ್ಲಿ ಕಾಯುತ್ತಿದ್ದಳು. ಸುಧೀರ ಮೆಟ್ಟಿಲಿಳಿದು ಬರುವುದು ಕಾಣಿಸಿತು. ಅವತ್ತು ಅವನು ಓಡುತ್ತಿರಲಿಲ್ಲ. ಅವನ ನಡಿಗೆಯಲ್ಲೇ ನನಗೆ ತಿಳಿದುಹೋಯಿತು. ಕಂಬಿ ಹಿಡಿದುಕೊಂಡೆ. ಅವನು ನನ್ನ ಕಡೆ ನೋಡಲಿಲ್ಲ, ನೇರವಾಗಿ ಮಗಳ ಮುಂದೆ ಬಂದು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ.

"ಆತ್ಯಾ ಗೇಲೀ, ಬಾಳ," ಎಂದ. ಆತ್ಯಾ ಹೋದಳು, ಕಂದಾ.

ಹುಟ್ಟಿದಾಗಿನಿಂದ ಅಪ್ಪ ಅವಳ ಜೊತೆ ಆಡಿದ ಮೊದಲ ಮರಾಠಿ ಮಾತು ಅದು. ಅವಳು ಹೇಳಿಕೊಟ್ಟದ್ದಲ್ಲ, ಅವನದೇ. ನಾನು ಇನ್ನೇನು ಅವಳನ್ನು ಎತ್ತಿಕೊಳ್ಳಬೇಕು, ಅಷ್ಟರಲ್ಲಿ ಅವಳು ಅವನ ಕೊರಳಿಗೆ ಕೈ ಹಾಕಿ, "ಮಲಾ ತಿಚ್ಯಾಕಡೇ ನೇ" ಎಂದಳು. ನನ್ನನ್ನು ಅವಳ ಹತ್ತಿರ ಕರೆದುಕೊಂಡು ಹೋಗು ಎಂದು. ಅಪ್ಪನ ಜೊತೆ ಕನ್ನಡ ಬಿಟ್ಟು ಬೇರೆ ಮಾತನ್ನೇ ಆಡದ ಹುಡುಗಿ.

"ಚಲ್," ಎಂದು ಸುಧೀರ ಎದ್ದ.

ಕಾವಲಿನವನು ಈ ಸಲ ತಡೆಯದೆ ಗೇಟು ತೆಗೆದು ಪಕ್ಕಕ್ಕೆ ಸರಿದು ನಿಂತ. ಅಪ್ಪ ಮಗಳು ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಅವಳು ಏನೋ ಕೇಳುತ್ತಿದ್ದಳು, ಅವನು ತಡೆದು ತಡೆದು ಹೇಳುತ್ತಿದ್ದ, ಎಲ್ಲವೂ ಆತ್ಯಾ ಭಾಷೆಯಲ್ಲಿ. ಅವರ ದನಿ ಮೇಲಿನ ತಿರುವಿನಲ್ಲಿ ಮರೆಯಾಗುವವರೆಗೆ ಕೇಳಿಸಿಕೊಂಡು, ಆಮೇಲೆ ಆ ಬೇವಿನ ಮರದ ಕೆಳಗೆ ಕೂತು ನಾನು ಅತ್ತುಬಿಟ್ಟೆ.